ಪ್ರೋಬ್‌ಗೆ ಶೋಧಕ ಅನ್ನೋದಾ, ಗಾಳ ಅನ್ನೋದಾ?

ಎಲ್ರಿಗೂ ನಮಸ್ಕಾರ. ಎರಡು ಪದಕ್ಕೆ ಸಿಕ್ಕಾಕೊಂಡು ಮೂರು ದಿನದಿಂದ ಒದ್ದಾಡ್ತಿದೀನಿ, ಬಲ್ಲವರು ದಾರಿ ತೋರಿಸಿ. ಗಿಡದ ಹಾರ್ಮೋನು ಜೀವಕೋಶದ ಯಾವ ಪ್ರೋಟೀನಿಗೆ ಹೋಗಿ ಕೂರುತ್ತೆ ಅಂತ ಕೆಮಿಕಲ್ ಪ್ರೋಬ್ ಬಳಸಿ ಪತ್ತೆ ಹಚ್ತಾರಲ್ಲ, ಅದರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೀತಿದೀನಿ. ಹಾರ್ಮೋನು ಹೋಗಿ ಕೂರೋ ಆ ಪ್ರೋಟೀನಿಗೆ, ಅಂದ್ರೆ ರಿಸೆಪ್ಟರ್‌ಗೆ "ಗ್ರಾಹಕ", ಪ್ರೋಬ್‌ಗೆ "ಶೋಧಕ" ಅಂತ ಹಾಕಿದ್ದೆ, ಮೊದಲ ವಾಕ್ಯ ಹೀಗಿತ್ತು: "ಸಸ್ಯ ಹಾರ್ಮೋನುಗಳ ಗ್ರಾಹಕಗಳನ್ನು ಹುಡುಕಲು ವಿಜ್ಞಾನಿಗಳು ರಾಸಾಯನಿಕ ಶೋಧಕಗಳನ್ನು ಬಳಸುತ್ತಾರೆ." ನಮ್ಮಕ್ಕ ಓದಿ, "ಹಾರ್ಮೋನು ಕೊಳ್ಳೋ ಗಿರಾಕಿಗಳನ್ನ ಹುಡುಕೋಕೆ ವಿಜ್ಞಾನಿಗಳು ಯಾಕೆ, ಸೇಲ್ಸ್‌ನವರು ಸಾಲಲ್ವಾ" ಅಂದ್ಲು.

ಅವಳ ತಪ್ಪೇನಿಲ್ಲ ಬಿಡಿ. ಗ್ರಾಹಕ ಅಂದ ತಕ್ಷಣ ನಮ್ಮ ಕಿವಿಗೆ ಬೀಳೋದು ಅಂಗಡಿ, ಬ್ಯಾಂಕು, ಕನ್ಸ್ಯೂಮರ್ ಕೋರ್ಟೇ. "ಗ್ರಾಹಿ" ಅಂದ್ರೆ ಚಿಕ್ಕದು, ಚೊಕ್ಕದು, ಆದ್ರೆ ಆಯುರ್ವೇದ ಓದಿದೋರಿಗೆ ಗ್ರಾಹಿ ಅಂದ್ರೆ ಭೇದಿ ಕಟ್ಟೋ ಔಷಧಿ! ಆದ್ರೂ ಸಂದರ್ಭ ಬೇರೆ ಆದ್ದರಿಂದ ಅಷ್ಟು ಗೊಂದಲ ಆಗಲ್ಲ ಅನ್ಸುತ್ತೆ, ಸದ್ಯಕ್ಕೆ "ಗ್ರಾಹಿ ಪ್ರೋಟೀನು" ಅಂತ ಇಟ್ಕೊಂಡಿದೀನಿ. ಯಾರಾದ್ರೂ ಇದಕ್ಕಿಂತ ಒಳ್ಳೇದು ಹೇಳಿದ್ರೆ ಬದಲಾಯಿಸ್ತೀನಿ.

ನಿಜವಾದ ತಲೆನೋವು ಶೋಧಕದ್ದು. ಶೋಧಿಸು ಅಂದ್ರೆ ಹುಡುಕು ಅಂತಾನೂ ಆಗುತ್ತೆ, ಸೋಸು ಅಂತಾನೂ ಆಗುತ್ತೆ, ಲ್ಯಾಬ್‌ನಲ್ಲಿ ಫಿಲ್ಟರ್ ಪೇಪರಿಗೇ ಶೋಧಕ ಕಾಗದ ಅಂತಾರೆ. ಅದು ಹೋಗಲಿ ಅಂದ್ರೂ, ಈ ಪ್ರೋಬ್ ಮಾಡೋ ಕೆಲಸ ಹುಡುಕೋದೇ ಅಲ್ಲ, ಹೋಗಿ ಕಚ್ಚಿಕೊಳ್ಳೋದು. ಹಾರ್ಮೋನು ತನ್ನ ಗ್ರಾಹಿ ಹತ್ರ ಬಂದು ಕೂತು ಮತ್ತೆ ಎದ್ದು ಹೋಗುತ್ತೆ, ಗ್ರಾಹಿ ಪ್ರೋಟೀನು ಕೋಶದಲ್ಲಿ ಇರೋದೂ ತೀರಾ ಸ್ವಲ್ಪ, ಹಾಗಾಗಿ ಕೋಶ ಅರೆದು ಸಾವಿರಾರು ಪ್ರೋಟೀನುಗಳ ಮಧ್ಯೆ ಯಾರ ಜೊತೆ ಕೂತಿತ್ತು ಅಂತ ಕೇಳಿದ್ರೆ ಗುರುತೇ ಉಳಿದಿರಲ್ಲ. ಅದಕ್ಕೆ ಕೆಮಿಸ್ಟ್‌ಗಳು ಹಾರ್ಮೋನಿನ ಅಣುವಿಗೇ ಎರಡು ಬಾಲ ಅಂಟಿಸ್ತಾರೆ. ಒಂದು, ಅಲ್ಟ್ರಾವಯಲೆಟ್ ಬೆಳಕು ಬಿದ್ದ ಕೂಡಲೇ ಪಕ್ಕದಲ್ಲಿರೋ ಪ್ರೋಟೀನನ್ನ ಬಿಡದ ಹಾಗೆ ಹಿಡಿಯೋ ಪರಮಾಣುಗಳ ಗುಂಪು, ಅಜೈಡ್ ಥರದ್ದು. ಇನ್ನೊಂದು ಬಯೋಟಿನ್ ಅನ್ನೋ ವಿಟಮಿನ್ನು, ಸ್ಟ್ರೆಪ್ಟಾವಿಡಿನ್ ಅನ್ನೋ ಪ್ರೋಟೀನು ಹಚ್ಚಿದ ಮಣಿಗಳಿಗೆ ಇದು ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಹಿಡಿದು ಎಳೆದ್ರೆ ಸಿಕ್ಕಿಬಿದ್ದ ಪ್ರೋಟೀನೂ ಜೊತೆಗೇ ಬರುತ್ತೆ.

ಇದನ್ನ ಬರೀತಾ ಬರೀತಾ ಹೊಳೆದಿದ್ದು "ಗಾಳ". ಹಾರ್ಮೋನಿನ ಭಾಗ ಎರೆ, ಬೆಳಕಿಗೆ ಕಚ್ಚೋ ಭಾಗ ಕೊಕ್ಕೆ, ಬಯೋಟಿನ್ನು ದಾರ. ಮೂರಕ್ಕೂ ಕನ್ನಡ ರೆಡಿಯಾಗಿ ಕೂತಿತ್ತು ನೋಡಿ! ಗಾಳಕ್ಕೆ ಬಿದ್ದಿದ್ದು ಎರೆಯ ಆಸೆಗಾ ಅಥವಾ ಸುಮ್ನೆ ಅಡ್ಡ ಬಂದು ಸಿಕ್ಕಾಕೊಂಡಿದ್ದಾ ಅಂತ ತಿಳಿಯೋಕೆ ಬಾಲ ಇಲ್ಲದ ಅಸಲಿ ಹಾರ್ಮೋನನ್ನ ಧಾರಾಳವಾಗಿ ಸುರಿದು ಮತ್ತೆ ಗಾಳ ಹಾಕ್ತಾರೆ, ನಿಜವಾದ ಗ್ರಾಹಿ ಆದ್ರೆ ಆಗ ಅಸಲಿಯನ್ನೇ ಹಿಡ್ಕೊಂಡು ಗಾಳಕ್ಕೆ ಬೀಳೋದು ಕಮ್ಮಿ ಆಗುತ್ತೆ. 2002ರಲ್ಲಿ ಫೈಟೋಸಲ್ಫೊಕೈನ್ ಅನ್ನೋ ಪುಟ್ಟ ಪೆಪ್ಟೈಡ್ ಹಾರ್ಮೋನಿನ ಗ್ರಾಹಿಯನ್ನ ಕ್ಯಾರೆಟ್ ಕೋಶದ ಪೊರೆಗಳಿಂದ ಎಳೆದು ತೆಗೆದಿದ್ದು ಇಂಥ ಮೀನುಗಾರಿಕೆಯಲ್ಲೇ, ಅಲ್ಲಿ ಹಾರ್ಮೋನನ್ನ ಮಣಿಗೇ ಕಟ್ಟಿದ್ರು.

ಆದ್ರೆ ಬ್ರಾಸಿನೊಸ್ಟೆರಾಯ್ಡ್ ಅನ್ನೋ ಗಿಡದ ಹಾರ್ಮೋನುಗಳ 2005ರ ಕಥೆ ನೋಡಿ. ಅವುಗಳಲ್ಲೊಂದಾದ ಕ್ಯಾಸ್ಟಸ್ಟೆರೋನ್‌ಗೆ ಬಯೋಟಿನ್ನು, ಬೆಳಕಿನ ಕೊಕ್ಕೆ ಎರಡೂ ಅಂಟಿಸಿ ಬಿಆರ್‌ಐ1 ಅನ್ನೋ ಪ್ರೋಟೀನಿಗೆ ಹಾಕಿದ್ರು, ಕಚ್ಚಿಕೊಳ್ತು. ಬಿಆರ್‌ಐ1 ಮೇಲೆ ಅನುಮಾನ ಇದ್ದಿದ್ದು 1997ರಿಂದ್ಲೇ, ಅದರ ಜೀನ್ ಕೆಟ್ಟ ಗಿಡಗಳು ಕುಳ್ಳಾಗಿ ಬೆಳೀತಿದ್ವಲ್ಲ. ಹಾರ್ಮೋನು ನೇರವಾಗಿ ಇದಕ್ಕೇ ಅಂಟುತ್ತೆ ಅಂತ ರುಜುವಾತು ಮಾಡೋಕೆ ಪ್ರೋಬ್ ಬೇಕಾಯ್ತು. ಅಂದ್ರೆ ಇಲ್ಲಿ ಶೋಧನೆ ನಡೆದೇ ಇಲ್ಲ, ಸಿಕ್ಕಿದ ಆಸಾಮಿಯ ಗುರುತು ಹಿಡಿಸಿದ್ದು ಅಷ್ಟೆ. ಶೋಧಕ ಪದದ ಮೇಲೆ ನನ್ನ ತಕರಾರು ಇದೇ.

ಇಲ್ಲೀವರೆಗೂ ಗಾಳಕ್ಕೆ ಜೈ ಅಂದ್ಕೊಂಡಿದ್ದೆ, ಆಮೇಲೆ ಬಂತು ಪೈರಾಬ್ಯಾಕ್ಟಿನ್, 2009ರದ್ದು. ಬೀಜ ಮೊಳಕೆ ಒಡೀದಂತೆ ತಡೆಯೋ ಅಬ್ಸಿಸಿಕ್ ಆಸಿಡ್‌ನ ಕೆಲಸ ಮಾಡೋ ಕೃತಕ ವಸ್ತು ಇದು, ನೋಡೋಕೆ ಅದರ ಥರ ಇಲ್ವೇ ಇಲ್ಲ. ಲ್ಯಾಬ್‌ಗಳಲ್ಲಿ ಪ್ರಯೋಗಕ್ಕೆ ಬಳಸೋ ಅರಬಿಡಾಪ್ಸಿಸ್ ಗಿಡದಲ್ಲಿ ಆ ಹಾರ್ಮೋನಿನ ಗ್ರಾಹಿಗಳ ಕುಟುಂಬದಲ್ಲಿ 14 ಜನ, ಒಬ್ಬರನ್ನ ಕೆಡಿಸಿದ್ರೆ ಉಳಿದವರು ಕೆಲಸ ಸರಿದೂಗಿಸ್ತಾರೆ, ಹಾಗಾಗಿ ವರ್ಷಗಟ್ಟಲೆ ಹುಡುಕಿದ್ರೂ ಸಿಕ್ಕಿರಲಿಲ್ಲ. ಪೈರಾಬ್ಯಾಕ್ಟಿನ್ ಬೀಜದಲ್ಲಿ ಮುಖ್ಯವಾಗಿ ಇವರಲ್ಲಿ ಪಿವೈಆರ್1 ಅನ್ನೋ ಗ್ರಾಹಿ ಒಂದರ ಮೂಲಕ ಕೆಲಸ ಮಾಡೋದ್ರಿಂದ, ಅದು ಹಾಕಿದ್ರೂ ಜಪ್ಪಯ್ಯ ಅನ್ನದೆ ಮೊಳೆತ ಬೀಜಗಳನ್ನ ಆರಿಸಿದಾಗ ಯಾವ ಜೀನ್ ಕೆಟ್ಟಿದೆ ಅಂತ ಗೊತ್ತಾಯ್ತು. ಇದಕ್ಕೆ ಕೊಕ್ಕೆ ಇಲ್ಲ, ದಾರ ಇಲ್ಲ. ಇದನ್ನ ಗಾಳ ಅಂದ್ರೆ ಸುಳ್ಳಾಗುತ್ತೆ, ಕಳ್ಳಕೀಲಿ ಅಂದ್ರೆ ಸರಿ ಹೋಗುತ್ತೆ.

ಸಾಲದು ಅಂತ 2015ರ ಯೋಶಿಮುಲ್ಯಾಕ್ಟೋನ್ ಗ್ರೀನ್. ಸ್ಟ್ರೈಗಾ ಅನ್ನೋ ಪರಾವಲಂಬಿ ಕಳೆಯ ಬೀಜದಲ್ಲಿ ಸ್ಟ್ರೈಗೊಲ್ಯಾಕ್ಟೋನ್ ಅನ್ನೋ ಹಾರ್ಮೋನಿನ ಗ್ರಾಹಿ ಇದನ್ನ ಕತ್ತರಿಸಿದ್ರೆ ಹಸಿರಾಗಿ ಹೊಳೆಯುತ್ತೆ, ಕತ್ತರಿಸೋವರೆಗೂ ಹೊಳೆಯಲ್ಲ. ಇದು ಗಾಳದ ಬೆಂಡು ಇದ್ದ ಹಾಗೆ, ಮುಳುಗಿದ್ರೆ ಮೀನು ಕಚ್ಚಿದೆ ಅಂತ ಗೊತ್ತಾಗುತ್ತೆ, ಮೀನು ಮಾತ್ರ ದಡಕ್ಕೆ ಬರಲ್ಲ.

ಈಗ ನನ್ನ ಪ್ರಶ್ನೆ. ಇಂಗ್ಲಿಷಿನವರು ಈ ಮೂರಕ್ಕೂ ಪ್ರೋಬ್ ಅಂತ ಒಂದೇ ಪದ ಹೇಳಿ ಕೈ ತೊಳ್ಕೊಳ್ತಾರೆ ಅಂತ ನಾವೂ ಒಂದೇ ಪದ ಹಾಕ್ಬೇಕಾ, ಇಲ್ಲ ಗಾಳ, ಕಳ್ಳಕೀಲಿ, ಬೆಂಡು ಅಂತ ಬೇರೆ ಬೇರೆ ಬರೆದ್ರೆ ನಡೆಯುತ್ತಾ? ಸುಶ್ರುತನ "ಏಷಣಿ" ಇದೆ ಅಂತ ಒಬ್ರು ನೆನಪಿಸಿದ್ರು, ಗಾಯದೊಳಗೆ ಹಾಕಿ ನೋಡೋ ಸಲಾಕೆ ಅದು, ಅರ್ಥ ಸರಿಯಾಗೇ ಕೂರುತ್ತೆ, ಆದ್ರೆ ಓದೋರಲ್ಲಿ ಎಷ್ಟು ಜನಕ್ಕೆ ಗೊತ್ತು.

ಇನ್ನೊಂದು ಕಷ್ಟ, ಗಾಳಕ್ಕೆ ಕ್ರಿಯಾಪದ. "ಗಾಳ ಹಾಕಿ ನೋಡಿದರು" ಅಂತ ಪದೇಪದೇ ಬರೆದ್ರೆ ಉದ್ದ ಆಗುತ್ತೆ ಅಂತ "ಗಾಳಿಸಿದರು" ಅಂದೆ, ಅಕ್ಕ ಮತ್ತೆ ನಕ್ಕಳು. ಗಾಳಿಸು ಅಂದ್ರೆ ಸೋಸು ಅಂತಲ್ವಾ, ವಸ್ತ್ರಗಾಳಿತ ಚೂರ್ಣ ಅಂತಾರಲ್ಲ. ಶೋಧಕ ಕಾಗದದಿಂದ ತಪ್ಪಿಸಿಕೊಂಡು ಬಂದು ಬಟ್ಟೆ ಜರಡಿಗೆ ಬಿದ್ದೆ. ಇದಕ್ಕೇನಾದ್ರೂ ಉಪಾಯ ಇದ್ಯಾ?