ಬೂತ್ ರಸ್ತೆ ಆಚೆಗೆ ಹೋಗಿದೆ, ಹಿರಿಯರ ಕಥೆ ಏನು?

ಕಾರ್ಯದರ್ಶಿ, ಮನೆ 27 (2024 ಮಾರ್ಚ್ 17, ಭಾನುವಾರ)
ಎಲ್ಲರಿಗೂ ನಮಸ್ಕಾರ. ನಿನ್ನೆ ಲೋಕಸಭೆ ಚುನಾವಣೆ ದಿನಾಂಕ ಬಂತು. ಬೆಂಗಳೂರಿಗೆ ಏಪ್ರಿಲ್ 26, ಶುಕ್ರವಾರ. ಸುಮ್ನೆ ಕುತೂಹಲಕ್ಕೆ ವೋಟರ್ ಲಿಸ್ಟ್ ತೆಗೆದು ನೋಡಿದೆ. ನಮ್ಮ ಬೂತ್ ಈಗ ಪಾರ್ಕ್ ಪಕ್ಕದ ಶಾಲೆಯಲ್ಲಿ ಇಲ್ಲ, ಮೇನ್ ರೋಡ್ ಆಚೆಗಿನ ಶಾಲೆಗೆ ಹೋಗಿದೆ. ನಮ್ಮ ಟೆರೇಸ್ ಮೇಲೆ ನಿಂತರೆ ಆ ಶಾಲೆಯ ನೀರಿನ ಟ್ಯಾಂಕ್ ಕಾಣುತ್ತದೆ. ಆದರೆ ನಡುವೆ ಡಿವೈಡರ್ ಇದೆ, ಎಲ್ಲೂ ಸಂದಿಯಿಲ್ಲ. ಸಿಗ್ನಲ್ ತನಕ ಹೋಗಿ ಆಚೆ ಬದಿಯಿಂದ ವಾಪಸ್ ಬರಬೇಕು. ಬೆಳಿಗ್ಗೆ ನಡೆದು ನೋಡಿದೆ, 19 ನಿಮಿಷ ಆಯಿತು. ನನಗೆ 58. ನಮ್ಮಲ್ಲಿ 75 ದಾಟಿದವರೇ ಮೂವತ್ತು ಜನ ಇದ್ದಾರೆ. ಯಾರಿಗೆ ಏನು ಬೇಕು ಇಲ್ಲೇ ಬರೆಯಿರಿ.

ಮನೆ 61
ಸರ್, ನಮ್ಮ ಅತ್ತೆಗೆ 83. ಹೋದ ವರ್ಷ ವಿಧಾನಸಭೆಗೆ ಮನೆಯಲ್ಲೇ ವೋಟು ಹಾಕಿದ್ದರು. ಈ ಸಲವೂ ಅದೇ ಮಾಡಿಸಿದರೆ ಆಯಿತು. ಫಾರ್ಮ್ ಎಲ್ಲಿ ಸಿಗುತ್ತದೆ?

ಮೇಷ್ಟ್ರು, 4ನೇ ಕ್ರಾಸ್
ತಾಯಿ, ಬೇಜಾರಾಗಬೇಡಿ. ಈ ತಿಂಗಳ ಒಂದನೇ ತಾರೀಖು ನಿಯಮ ಬದಲಾಗಿದೆ. ಹೋದ ವರ್ಷ 80 ದಾಟಿದವರಿಗೆ ಇತ್ತು. ಈಗ 85 ಆಗಿರಬೇಕು.

ಮನೆ 61
ಏನ್ ಸರ್ ಇದು! ಅತ್ತೆಗೆ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಹೋದ ವರ್ಷ ನನಗೆ ವಯಸ್ಸಾಗಿತ್ತು, ಈ ವರ್ಷ ಆಗಿಲ್ವಾ?"

ಮೇಷ್ಟ್ರು, 4ನೇ ಕ್ರಾಸ್
ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ 🙏 ಇನ್ನೊಂದು ದಾರಿ ಇದೆ. ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯ ಇದೆ ಅಂತ ಪ್ರಮಾಣಪತ್ರ ಇದ್ದರೆ ವಯಸ್ಸು ಎಷ್ಟೇ ಇರಲಿ, ಮನೆಯಿಂದ ಹಾಕಬಹುದು. ಅವರಿಗೆ ಇದೆಯಾ?

ಮನೆ 61
ಮಂಡಿ ನೋವಿಗೆ ಯಾರು ಸರ್ ಸರ್ಟಿಫಿಕೇಟ್ ಮಾಡಿಸಿಟ್ಟಿರುತ್ತಾರೆ. ಇಲ್ಲ.

ಮನೆ 9, ಸೊಸೆ
ನಮ್ಮ ಮನೆಯಲ್ಲಿ ಮಾವನಿಗೆ 86, ಅತ್ತೆಗೆ 85 ತುಂಬಿದೆ. ಇಬ್ಬರಿಗೂ ಮನೆಯಲ್ಲೇ ಮಾಡಿಸೋಣ ಅಂತ ನನ್ನ ಆಸೆ. ಆದರೆ ಆಮೇಲೆ ಮಾವ ಮನಸ್ಸು ಬದಲಾಯಿಸಿ ಬೂತಿಗೇ ಹೋಗುತ್ತೇನೆ ಅಂದರೆ? ಅವರ ಸ್ವಭಾವ ನಿಮಗೆಲ್ಲ ಗೊತ್ತಲ್ಲ.

ಮೇಷ್ಟ್ರು, 4ನೇ ಕ್ರಾಸ್
ಅದೇ ಮುಖ್ಯ ವಿಷಯ, ಎಲ್ಲರೂ ಓದಿ. ಮನೆ ಮತಕ್ಕೆ ಬೇಕಾದ್ದು ಫಾರ್ಮ್ 12ಡಿ. ಮಾರ್ಚ್ 28ಕ್ಕೆ ಅಧಿಸೂಚನೆ ಬರುತ್ತದೆ. ಅದಾಗಿ ಐದು ದಿನದೊಳಗೆ ಫಾರ್ಮ್ ಸೇರಬೇಕು. ಬಿಎಲ್‌ಒ, ಅಂದರೆ ನಮ್ಮ ಬೂತಿನ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅವರೇ ಮನೆಗೆ ತಂದುಕೊಟ್ಟು, ತುಂಬಿದ್ದನ್ನು ವಾಪಸ್ ತಗೊಳ್ಳುತ್ತಾರೆ. ಒಪ್ಪಿಗೆ ಆದ ಮೇಲೆ ಪಟ್ಟಿಯಲ್ಲಿ ಹೆಸರಿನ ಎದುರು ‘ಪಿಬಿ’ ಅಂತ ಗುರುತು ಬೀಳುತ್ತದೆ. ಅಂದರೆ ಅಂಚೆ ಮತ. ಅದು ಬಿದ್ದರೆ 26ಕ್ಕೆ ಬೂತಿನಲ್ಲಿ ವೋಟು ಇಲ್ಲ. ಮನೆಗೆ ತಂಡ ಬಂದಾಗ ನೀವಿಲ್ಲದಿದ್ದರೆ ಇನ್ನೊಂದು ಸಲ ಬರುತ್ತಾರೆ. ಆಗಲೂ ಸಿಗದಿದ್ದರೆ ಎರಡೂ ಹೋಯಿತು.

ಮನೆ 9, ಸೊಸೆ
ಅಂದರೆ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಆಗುವುದಿಲ್ಲ.

ಮನೆ 9, ಮಾವ
ನಾನು ಈ ಗುಂಪಿನಲ್ಲೇ ಇದ್ದೇನೆ ಎಂಬುದನ್ನು ಮನೆಯವರು ಮರೆತಂತಿದೆ. 1962ರಿಂದ ಹಾಕುತ್ತಿದ್ದೇನೆ, ಆಗ 21 ಆಗಬೇಕಿತ್ತು. ಬೂತಿಗೇ ಹೋಗುತ್ತೇನೆ. ಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ, ಮತ ಯಾರಿಗೆ ಬಿತ್ತು ಎಂಬ ಚೀಟಿ ಏಳು ಸೆಕೆಂಡ್ ಕಾಣುತ್ತದೆ. ಅದನ್ನು ಕಣ್ಣಾರೆ ನೋಡಬೇಕು. ನನ್ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಅವಳಿಗೆ ಮಾತ್ರ ಫಾರ್ಮ್ ತರಿಸಿ.

ಮನೆ 61
ಅಂಕಲ್, ಆಂಟಿಗೆ ಧೈರ್ಯ ಹೇಳಿ, ತುಂಬಾ ಮರ್ಯಾದೆಯಾಗಿ ಮಾಡಿಸುತ್ತಾರೆ. ಹೋದ ವರ್ಷ ಐದು ಜನ ಬಂದಿದ್ದರು. ಒಬ್ಬರು ಪೊಲೀಸ್, ಒಬ್ಬ ಹುಡುಗ ವಿಡಿಯೋ ಹಿಡಿದಿದ್ದ. ಟೀಪಾಯಿ ಮೇಲೆ ರಟ್ಟಿನ ಮರೆ ಇಟ್ಟರು. ಅತ್ತೆ ಗಂಭೀರವಾಗಿ ನಮ್ಮನ್ನೆಲ್ಲ ಅಡುಗೆಮನೆಗೆ ಕಳಿಸಿದರು, ಸ್ವಂತ ಮಗನನ್ನೂ. ಆ ಹುಡುಗನಿಗೂ "ಕ್ಯಾಮೆರಾ ಆ ಕಡೆ ತಿರುಗಿಸಪ್ಪಾ" ಅಂದರು! ಪೆನ್ನಿನಲ್ಲಿ ಗುರುತು ಹಾಕಿ, ಮಡಿಸಿ, ಸಣ್ಣ ಕವರಿಗೆ ಹಾಕಿ ಅಂಟಿಸಿ, ಅದನ್ನು ಸಹಿ ಮಾಡಿದ ಘೋಷಣೆಯ ಜೊತೆ ದೊಡ್ಡ ಕವರಿಗೆ ಹಾಕಿದರು. ಕಾಫಿ ಮಾಡಿದ್ದೆ. "ಬೇಡಮ್ಮ, ಏನೂ ತಗೊಳ್ಳುವ ಹಾಗಿಲ್ಲ" ಅಂದರು. ಐದು ಲೋಟ ಕಾಫಿ ಅತ್ತೆ, ನಾನು, ಕೆಲಸದವಳು ಸೇರಿ ಖಾಲಿ ಮಾಡಿದೆವು.

ಮನೆ 112
ಟ್ಯಾಂಕರ್ 3ನೇ ಕ್ರಾಸಿಗೆ ಬಂದಿದೆ. ಸಂಪ್ ಮುಚ್ಚಳ ತೆಗೆದಿಡಿ. ಹೋದ ಸಲದ ಹಾಗೆ ಕಾಯಿಸಿದರೆ ಅವನು ಹೊರಟೇ ಬಿಡುತ್ತಾನೆ.

ಮನೆ 34, ಮಗ (ನ್ಯೂಜೆರ್ಸಿ)
ನಮಸ್ಕಾರ. ಇದೊಂದು ಫಾರ್ವರ್ಡ್ ಬಂತು: "ವಿದೇಶದಲ್ಲಿರುವ ಭಾರತೀಯರು ಈಗ ಆನ್‌ಲೈನ್‌ನಲ್ಲಿ ಮತ ಹಾಕಬಹುದು, ಇಂದೇ ನೋಂದಾಯಿಸಿ". ನಿಜಾನಾ? ನಿಜ ಆದರೆ ಅಪ್ಪ ಅಮ್ಮನಿಗೂ ಇದನ್ನೇ ಮಾಡಿಸಬಹುದಲ್ಲ, ರಸ್ತೆ ದಾಟುವ ತಾಪತ್ರಯ ಯಾಕೆ?

ಮೇಷ್ಟ್ರು, 4ನೇ ಕ್ರಾಸ್
ಸುಳ್ಳು. ಹಿಂದಿನ ಚುನಾವಣೆಯಲ್ಲೂ ಇದು ಓಡಾಡಿತ್ತು. ಆನ್‌ಲೈನ್‌ನಲ್ಲಿ ಆಗುವುದು ಹೆಸರು ಸೇರಿಸುವುದು ಮಾತ್ರ. ನಿನ್ನ ಹತ್ತಿರ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು, ಅಲ್ಲಿನ ಪೌರತ್ವ ತಗೊಂಡಿಲ್ಲ ಅಂದರೆ ಫಾರ್ಮ್ 6ಎ ತುಂಬಬಹುದು. ಆದರೆ ವೋಟು ಹಾಕಲು ಪಾಸ್‌ಪೋರ್ಟ್ ಹಿಡಿದು ಇಲ್ಲಿನ ಬೂತಿಗೇ ಬರಬೇಕು. ವಿದೇಶದಲ್ಲಿರುವವರಿಗೆ ಅಂಚೆ ಮತ ಕೊಡಬಹುದು ಅಂತ ಚುನಾವಣಾ ಆಯೋಗವೇ 2020ರಲ್ಲಿ ಸರ್ಕಾರಕ್ಕೆ ಬರೆದಿತ್ತು. ಅದು ಇನ್ನೂ ಜಾರಿಯಾಗಿಲ್ಲ.

ಮನೆ 34, ಮಗ (ನ್ಯೂಜೆರ್ಸಿ)
ಮೇಷ್ಟ್ರೇ, ನನ್ನ ಭಾವ ಸೈನ್ಯದಲ್ಲಿದ್ದಾರೆ. ಅವರಿಗೆ ಮಾತ್ರ ಕಂಪ್ಯೂಟರಿನಲ್ಲಿ ಬರುತ್ತದಲ್ಲ?

ಮೇಷ್ಟ್ರು, 4ನೇ ಕ್ರಾಸ್
ಮತಪತ್ರ ಹೋಗುವುದು ಕಂಪ್ಯೂಟರಿನಲ್ಲಿ, ವಾಪಸ್ ಬರುವುದು ಅಂಚೆಯಲ್ಲಿ. ಅವರು ಇಳಿಸಿಕೊಂಡು, ಪ್ರಿಂಟ್ ತೆಗೆದು, ಗುರುತು ಹಾಕಿ, ಕವರಿನಲ್ಲಿ ಕಳಿಸಬೇಕು. ಎಣಿಕೆ ಶುರುವಾಗುವ ಮೊದಲು ಬಂದು ಸೇರಬೇಕು. ಅದೂ ಆನ್‌ಲೈನ್ ವೋಟು ಅಲ್ಲ.

ಮನೆ 88, ಬಾಡಿಗೆ
ಇಡೀ ಬ್ಯಾಂಕ್ ಮೊಬೈಲ್‌ನಲ್ಲಿದೆ, ವೋಟು ಒಂದು ಯಾಕಿಲ್ಲ ಸರ್? ಎಸ್ಟೋನಿಯಾದಲ್ಲಿ 2005ರಿಂದ ಇದೆ.

ಮೇಷ್ಟ್ರು, 4ನೇ ಕ್ರಾಸ್
ಬ್ಯಾಂಕಿನಲ್ಲಿ ದುಡ್ಡು ತಪ್ಪಿ ಹೋದರೆ ಪಾಸ್‌ಬುಕ್ ತೋರಿಸಿ ಕೇಳುತ್ತೀರಿ. ವೋಟಿಗೆ ಪಾಸ್‌ಬುಕ್ ಕೊಟ್ಟರೆ ಗುಟ್ಟು ಎಲ್ಲಿ ಉಳಿಯಿತು? ಇನ್ನೊಂದು, ಮನೆಯಲ್ಲಿ ಅಜ್ಜಿ ಮೊಬೈಲ್ ಒತ್ತುವಾಗ ಹೆಗಲ ಮೇಲಿಂದ ಯಾರು ಇಣುಕುತ್ತಿದ್ದಾರೆ ಅಂತ ಆಯೋಗಕ್ಕೆ ಹೇಗೆ ಗೊತ್ತಾಗಬೇಕು? ಎಸ್ಟೋನಿಯಾದವರೂ ಇದನ್ನು ಯೋಚಿಸಿದ್ದಾರೆ. ಅಲ್ಲಿ ಆನ್‌ಲೈನ್‌ನಲ್ಲಿ ಎಷ್ಟು ಸಲ ಬೇಕಾದರೂ ಹಾಕಬಹುದು, ಕೊನೆಯದು ಮಾತ್ರ ಲೆಕ್ಕಕ್ಕೆ. ಯಾರಾದರೂ ಒತ್ತಾಯ ಮಾಡಿ ಹಾಕಿಸಿದರೆ ಅವರು ಹೋದ ಮೇಲೆ ಬದಲಾಯಿಸಿಕೊಳ್ಳಿ ಅಂತ. ಜಾಣತನವೇ. ಆದರೆ ನಮ್ಮ ಮನೆಗಳಲ್ಲಿ ಮೊಬೈಲ್ ಇರುವುದೇ ಒತ್ತಾಯ ಮಾಡುವವನ ಜೇಬಿನಲ್ಲಿ!

ಮನೆ 88, ಬಾಡಿಗೆ
😀 ಒಪ್ಪಿದೆ. ಇನ್ನೊಂದು ಕೇಳಬೇಕು. ನನ್ನ ಹೆಸರು ದಾವಣಗೆರೆಯಲ್ಲೇ ಇದೆ. ಇಲ್ಲಿಗೆ ಬಂದು ಎರಡು ವರ್ಷ ಆಯಿತು.

ಕಾರ್ಯದರ್ಶಿ, ಮನೆ 27
ಇಲ್ಲಿಗೆ ಬದಲಾಯಿಸಬೇಕು ಅಂದರೆ ಫಾರ್ಮ್ 8, ತಡ ಮಾಡಬೇಡಿ. ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 4. ಅದಕ್ಕೆ ಹತ್ತು ದಿನ ಮೊದಲೇ ಅರ್ಜಿ ಹೋಗಿರಬೇಕು, ಅಂದರೆ ಮಾರ್ಚ್ 25. ಇಲ್ಲವಾದರೆ ಊರಿಗೆ ಹೋಗಿ ಹಾಕಿ. ದಾವಣಗೆರೆಗೆ ಮೇ 7, ನಮ್ಮ ರಾಜ್ಯದ ಎರಡನೇ ಸುತ್ತು.

ಮೇಷ್ಟ್ರು, 4ನೇ ಕ್ರಾಸ್
ನಿಮ್ಮಂಥವರಿಗೇ ಅಂತ ಆಯೋಗ 2023ರ ಜನವರಿಯಲ್ಲಿ ಒಂದು ದೂರ ಮತಯಂತ್ರ ತೋರಿಸಲು ಪಕ್ಷಗಳನ್ನು ಕರೆದಿತ್ತು. ಬೆಂಗಳೂರಿನಲ್ಲಿ ಕೂತು ದಾವಣಗೆರೆಯ ಅಭ್ಯರ್ಥಿಗೆ ಹಾಕುವುದು. ಪಕ್ಷಗಳು ಅನುಮಾನ ಎತ್ತಿದವು, ಅಲ್ಲಿಗೆ ನಿಂತಿದೆ.

ಮನೆ 88, ಬಾಡಿಗೆ
ಹಾಗಾದರೆ ಊರಿಗೇ ಹೋಗುತ್ತೇನೆ. ಅಮ್ಮನಿಗೂ ಖುಷಿ.

ಮನೆ 45 (ಮಾರ್ಚ್ 19)
ಫಾರ್ವರ್ಡ್: "ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಆಧಾರ್ ತೋರಿಸಿ ಸೆಕ್ಷನ್ 49ಎ ಪ್ರಕಾರ ಚಾಲೆಂಜ್ ವೋಟ್ ಕೇಳಿ. ಎಲ್ಲರಿಗೂ ಹಂಚಿ."

ಮೇಷ್ಟ್ರು, 4ನೇ ಕ್ರಾಸ್
ಹಂಚಬೇಡಿ! ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಯಾವ ಕಾರ್ಡ್ ತೋರಿಸಿದರೂ ವೋಟಿಲ್ಲ. ನಿಮ್ಮ ಹೆಸರಲ್ಲಿ ಬೇರೆ ಯಾರೋ ಹಾಕಿಬಿಟ್ಟಿದ್ದರೆ ಮಾತ್ರ ಟೆಂಡರ್ ವೋಟ್ ಅಂತ ಇದೆ. ಅದು 49ಪಿ, ಕಾಗದದ ಮತಪತ್ರದಲ್ಲಿ. ಮೊದಲು ಹೆಸರಿದೆಯಾ ನೋಡಿಕೊಳ್ಳಿ. ವೋಟರ್ ಹೆಲ್ಪ್‌ಲೈನ್ ಆ್ಯಪ್ ಇದೆ. ಬಾರದಿದ್ದರೆ 1950ಕ್ಕೆ ಫೋನ್ ಮಾಡಿ.

ಮನೆ 45
ಸಾರಿ ಸರ್. ನೋಡಿದೆ. ನನ್ನದು ಇದೆ, ನಮ್ಮ ಯಜಮಾನರದ್ದು ಇಲ್ಲ!! ಈಗಲೇ ಅರ್ಜಿ ಹಾಕುತ್ತೇನೆ.

ಕಾರ್ಯದರ್ಶಿ, ಮನೆ 27 (ಏಪ್ರಿಲ್ 7)
ಕೆಲಸದ ಮಾತಿಗೆ ಬರೋಣ. ಬೂತ್ ವಾಪಸ್ ತನ್ನಿ ಅಂತ ಬರೆದ ಪತ್ರಕ್ಕೆ ಉತ್ತರ ಬಂತು: ಈಗ ಆಗುವುದಿಲ್ಲ. ರ‍್ಯಾಂಪ್, ವೀಲ್‌ಚೇರ್, ನೆರಳು ಇರುತ್ತದೆ ಅಂದಿದ್ದಾರೆ. ನಾವು ನಿನ್ನೆ ಹೋಗಿ ನೋಡಿದೆವು. ರ‍್ಯಾಂಪ್ ಇದೆ, ಆದರೆ ಗೇಟಿನಿಂದ ರ‍್ಯಾಂಪ್ ತನಕ ಜಲ್ಲಿ ಹರಡಿದೆ. ಕುರ್ಚಿಯ ಚಕ್ರ ಹೂತುಹೋಗುತ್ತದೆ. ನಾಲ್ಕು ಪ್ಲೈವುಡ್ ಹಲಗೆ ಹಾಕಿದರೆ ಸಾಕು. ಹಾಸಿಕೊಳ್ಳಲು ಅಲ್ಲಿನವರ ಅನುಮತಿ ಕೇಳಿದ್ದೇನೆ.

ಕಾರು ಕೊಡುವವರು ಈವರೆಗೆ ಏಳು ಮನೆ. ಬೆಳಿಗ್ಗೆ 7ಕ್ಕೇ ಶುರು. ಮತದಾನ ಸಂಜೆ 6ರ ತನಕ ಇದ್ದರೂ ಈ ಬಿಸಿಲಿನಲ್ಲಿ ಹಿರಿಯರನ್ನು 10ರ ಒಳಗೆ ಮುಗಿಸಬೇಕು.

ಮನೆ 112
ಒಂದು ಪಕ್ಷದವರು ಸಿಕ್ಕಿದ್ದರು. "ಎಷ್ಟು ಆಟೋ ಬೇಕು ಹೇಳಿ, ಕಳಿಸುತ್ತೇವೆ" ಅಂದರು. ಏನು ಹೇಳಲಿ?

ಮನೆ 9, ಮಾವ
ಬೇಡ ಎನ್ನಿ. ಅಭ್ಯರ್ಥಿ ಕಡೆಯವರು ಮತದಾರರಿಗೆ ಗಾಡಿ ಕಟ್ಟುವುದು ಕಾನೂನಿನಲ್ಲಿ ಅಪರಾಧ. ಅವರ ಆಟೋದಲ್ಲಿ ನಾನು ಹತ್ತುವುದಿಲ್ಲ. ನಡೆದೇ ಹೋಗುತ್ತೇನೆ.

ಮನೆ 9, ಸೊಸೆ
ಮಾವ, ನಡೆದು ಹೋಗುವುದು ಬೇಡ. ಮನೆ 27ರ ಕಾರಿನಲ್ಲಿ ಮುಂದಿನ ಸೀಟು ಕಾದಿರಿಸಿದ್ದೇನೆ.

ಮನೆ 61
ಅತ್ತೆಗೆ ಕೈ ನಡುಗುತ್ತದೆ. ಒಳಗೆ ನಾನು ಜೊತೆಗೆ ಹೋಗಬಹುದಾ?

ಮೇಷ್ಟ್ರು, 4ನೇ ಕ್ರಾಸ್
ಕಣ್ಣು ಕಾಣದವರು, ಬಟನ್ ಒತ್ತಲು ಆಗದಷ್ಟು ಅಶಕ್ತರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು. ಅಧಿಕಾರಿ ಒಪ್ಪಬೇಕು. ಜೊತೆಗೆ ಬಂದವರಿಗೆ 18 ಆಗಿರಬೇಕು. ಆ ದಿನ ಒಬ್ಬರಿಗೆ ಮಾತ್ರ ಜೊತೆ ಹೋಗಬಹುದು, ಹಾಗಾಗಿ ಮೂರು ಅಜ್ಜಿಯರಿಗೆ ಒಬ್ಬಳೇ ಮೊಮ್ಮಗಳು ಅಂತ ಲೆಕ್ಕ ಹಾಕಬೇಡಿ. ಸುಮ್ಮನೆ ಕೈ ಹಿಡಿದು ಬಾಗಿಲ ತನಕ ಬಿಡುವುದಕ್ಕೆ ಇದೇನೂ ಬೇಕಿಲ್ಲ.

ಮೊಬೈಲ್ ಮನೆಯಲ್ಲೇ ಬಿಡಿ. ವೋಟರ್ ಐಡಿ ಇಲ್ಲದಿದ್ದರೆ ಆಧಾರ್, ಪ್ಯಾನ್, ಫೋಟೋ ಇರುವ ಪಾಸ್‌ಬುಕ್ ಏನಾದರೂ ಒಂದು ತನ್ನಿ. ಬರೀ ವೋಟರ್ ಸ್ಲಿಪ್ ನಡೆಯುವುದಿಲ್ಲ.

ಮನೆ 9, ಸೊಸೆ (ಏಪ್ರಿಲ್ 15)
ಅತ್ತೆಯದು ಆಯಿತು. ಮಂಚಕ್ಕೇ ಮರೆ ತಂದು ಇಟ್ಟರು. 20 ನಿಮಿಷ. ಮಾವ ಬಾಗಿಲ ಹೊರಗೆ ನಿಂತು "ಯಾರಿಗೆ ಹಾಕಿದೆ?" ಅಂತ ಕೇಳಿದರು. ಅತ್ತೆ ಹೇಳಲಿಲ್ಲ.

ಕಾರ್ಯದರ್ಶಿ, ಮನೆ 27 (ಏಪ್ರಿಲ್ 26, ಬೆಳಿಗ್ಗೆ 6.40)
ಹಲಗೆ ಹಾಸಿದೆವು. ನಾಲ್ಕು ಸಾಲಲಿಲ್ಲ, ಮನೆ 45ರ ಹಳೆಯ ಮಂಚದ ಹಲಗೆಯೂ ಬೇಕಾಯಿತು. ಮೊದಲ ಕಾರು 7ಕ್ಕೆ ಪಾರ್ಕ್ ಗೇಟಿನಿಂದ. ನಾವು ಮೊಬೈಲ್ ಮನೆಯಲ್ಲಿಟ್ಟು ಹೊರಡುತ್ತಿದ್ದೇವೆ, ಫೋನ್ ಮಾಡಬೇಡಿ.

ಮನೆ 61 (ಬೆಳಿಗ್ಗೆ 9.25)
ಅತ್ತೆ ಹಾಕಿ ಬಂದರು. ನನ್ನನ್ನು ಒಳಗೆ ಕರೆಯಲೇ ಇಲ್ಲ, ತಾವೇ ಒತ್ತಿದರು. "ಬೀಪ್ ಅಂತ ಕೂಗಿತು, ಆ ಪೆನ್ನಿಗಿಂತ ಇದೇ ಸಲೀಸು" ಅಂತಾರೆ. ನಾನು ಒಂದು ತಿಂಗಳು ಫಾರ್ಮ್ ಫಾರ್ಮ್ ಅಂತ ಒದ್ದಾಡಿದ್ದೇನು! 😅

ಮನೆ 9, ಮಾವ (ಬೆಳಿಗ್ಗೆ 9.50)
ಚೀಟಿ ಕಂಡಿತು.

ಮನೆ 45 (ಬೆಳಿಗ್ಗೆ 11.10)
ನಮ್ಮ ಯಜಮಾನರದ್ದೂ ಆಯಿತು. ಮಂಚದ ಹಲಗೆ ಸಂಜೆ ವಾಪಸ್ ಬರುತ್ತದಲ್ವಾ? ರಾತ್ರಿ ಮಲಗಬೇಕು.

ಮನೆ 88, ಬಾಡಿಗೆ (ಮೇ 7)
ದಾವಣಗೆರೆಯಲ್ಲಿ ಹಾಕಿದೆ. ಇಲ್ಲಿ ಬೂತ್ ನಮ್ಮ ಮನೆ ಎದುರಿಗೇ ಇದೆ.

ಮನೆ 112
ಹೊಟ್ಟೆ ಉರಿಸಬೇಡಿ. ಬರುವಾಗ ಮಂಡಕ್ಕಿ ತನ್ನಿ.