ಓದುಗರ ಸ್ಪಂದನ: ಮನೆಯಲ್ಲಿ ಮೂವರು ರೋಗಿಗಳು, ನೋಡಿಕೊಳ್ಳಲು ಒಬ್ಬಳೇ

(ಕಳೆದ ಸಂಚಿಕೆಯಲ್ಲಿ ಹಾಸನ ಜಿಲ್ಲೆಯ ಓದುಗಿಯೊಬ್ಬರು ತಮ್ಮ ಕಷ್ಟವನ್ನು ಬರೆದಿದ್ದರು. ಅವರು ಖಾಸಗಿ ಶಾಲೆಯ ಶಿಕ್ಷಕಿ. ಮಾವನವರಿಗೆ ಮೂತ್ರಪಿಂಡ ವೈಫಲ್ಯವಾಗಿ ವಾರಕ್ಕೆ ಎರಡು ಬಾರಿ ಡಯಾಲಿಸಿಸ್ ಆಗುತ್ತಿದೆ. ಸಕ್ಕರೆ ಕಾಯಿಲೆಯಿರುವ ಅತ್ತೆಯವರಿಗೆ ಮರೆವಿನ ಕಾಯಿಲೆಯೂ ಸೇರಿಕೊಂಡು, ರಾತ್ರಿ ಎದ್ದು ಓಡಾಡುತ್ತಾರೆ. ಈ ನಡುವೆ ಪತಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಲಾಗಿದೆ. ಮುಟ್ಟಿನ ಸಮಯದಲ್ಲಿ ತಮಗೇ ವಿಪರೀತ ರಕ್ತಸ್ರಾವವಾಗುತ್ತಿದ್ದರೂ ವೈದ್ಯರಿಗೆ ತೋರಿಸಲು ಬಿಡುವಿಲ್ಲ ಎಂದಿದ್ದ ಅವರು, 'ಯಾರನ್ನು ಮೊದಲು ನೋಡಲಿ?' ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.)

ಸೋದರಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಮೊದಲು ನಿಮ್ಮನ್ನು. ಸಮಾಧಾನಕ್ಕೆಂದು ಈ ಮಾತು ಹೇಳುತ್ತಿಲ್ಲ. ತಿಂಗಳುಗಟ್ಟಲೆ ಹೀಗೆ ರಕ್ತ ಹೋದರೆ ರಕ್ತಹೀನತೆ ಬರುತ್ತದೆ. ಮೆಟ್ಟಿಲು ಹತ್ತುವಾಗಿನ ಏದುಸಿರನ್ನೂ ತಲೆಸುತ್ತನ್ನೂ ನೀವು ಬರಿಯ ದಣಿವೆಂದು ತಳ್ಳಿಹಾಕುತ್ತಿರಬಹುದು. ಮಾವನವರನ್ನು ಡಯಾಲಿಸಿಸ್‌ಗೆ ಮಲಗಿಸಿದ ಮೇಲೆ ಸುಮಾರು ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕಾಯುತ್ತೀರಲ್ಲ, ಮುಂದಿನ ಸಲ ಆ ಹೊತ್ತಿನಲ್ಲೇ ಅದೇ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಚೀಟಿ ಮಾಡಿಸಿ, ಹಿಮೋಗ್ಲೋಬಿನ್ ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ.

ಇನ್ನು ಮನೆಯ ವಿಷಯ. ಪ್ರತಿಯೊಬ್ಬ ವೈದ್ಯರೂ ತಮ್ಮ ಮುಂದೆ ಕುಳಿತ ರೋಗಿಯನ್ನಷ್ಟೇ ನೋಡುತ್ತಾರೆ. ಮೂವರ ಮಾತ್ರೆಗಳೂ ಒಂದೇ ಕಪಾಟಿನಲ್ಲಿ, ಮೂವರ ಪಥ್ಯವೂ ಒಂದೇ ಒಲೆಯ ಮೇಲೆ ಸೇರುವುದು ನಿಮ್ಮ ಮನೆಯಲ್ಲಿ. ಒಬ್ಬರ ಔಷಧಿ ಇನ್ನೊಬ್ಬರಿಗೆ ಅಪಾಯವಾಗುವುದು ಇಲ್ಲಿಯೇ. ಮರೆವಿರುವ ಅತ್ತೆಯವರ ಕೈಗೆ ಪತಿಯ ಮಾತ್ರೆ ಸಿಗದಂತೆ ಎಲ್ಲವನ್ನೂ ಬೀಗದೊಳಗಿಟ್ಟು, ಒಬ್ಬೊಬ್ಬರಿಗೂ ಹೆಸರು ಬರೆದ ಬೇರೆ ಬೇರೆ ಡಬ್ಬಿ ಮಾಡಿ. ಸ್ಟೆಂಟ್ ಹಾಕಿದ ಮೇಲೆ ಕೊಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು, ಹಲ್ಲು ಕೀಳಿಸುವ ಸಂದರ್ಭ ಬಂದರೂ, ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು. ಮಾವನವರಿಗೆ ಮಂಡಿನೋವೆಂದು ಔಷಧಿ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಯನ್ನು ಕೇಳಿ ತರಬೇಡಿ. ಉಳಿದಿರುವ ಅಲ್ಪಸ್ವಲ್ಪ ಮೂತ್ರಪಿಂಡದ ಶಕ್ತಿಗೂ ಅದು ಕುತ್ತು.

ರೋಗಿಯನ್ನು ನೋಡಲು ಬರುವವರು ಎಳನೀರು, ಬಾಳೆಹಣ್ಣು ತರುವುದು ನಮ್ಮ ಕಡೆಯ ಪದ್ಧತಿ. ಇವೆರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಡಯಾಲಿಸಿಸ್‌ನಲ್ಲಿರುವವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಮಾರುವ 'ಕಡಿಮೆ ಸೋಡಿಯಂ' ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಪತಿಗೆಂದು ತಂದ ಆ ಪೊಟ್ಟಣ ಮಾವನವರ ಸಾರಿಗೆ ಬೀಳದಿರಲಿ. ಅವರ ಪಾಲಿನ ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿ. ಬಸ್ಸಾರು ಮಾಡುವ ಮನೆಗಳಲ್ಲಿ ಬಸಿದ ನೀರನ್ನು ಚೆಲ್ಲುವುದಕ್ಕೆ ಮನಸ್ಸು ಬರುವುದಿಲ್ಲ, ಆದರೂ ಚೆಲ್ಲಲೇಬೇಕು. ಡಯಾಲಿಸಿಸ್ ಆರಂಭವಾಗುವ ಮೊದಲು ಪ್ರೋಟೀನ್ ಕಡಿಮೆ ಮಾಡಲು ಹೇಳಿರುತ್ತಾರೆ, ಆರಂಭವಾದ ಮೇಲೆ ಹೆಚ್ಚು ಬೇಕಾಗುತ್ತದೆ. ಹಳೆಯ ಪಥ್ಯವೇ ಮುಂದುವರಿದಿದೆಯೇ ಎಂದು ವಿಚಾರಿಸಿ. ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ ಕೈಯಲ್ಲಿ ಯಾರೂ ಬಿಪಿ ನೋಡಬಾರದು, ರಕ್ತ ತೆಗೆಯಬಾರದು. ಹೊಸ ಸಿಬ್ಬಂದಿಗೆ ಇದನ್ನು ನೀವೇ ಮೊದಲು ಹೇಳಿಬಿಡಿ, ಸಂಕೋಚ ಬೇಡ.

ಅತ್ತೆಯವರ ಗಲಿಬಿಲಿ ಒಂದು ದಿನ ಇದ್ದಕ್ಕಿದ್ದಂತೆ ಹೆಚ್ಚಿದರೆ ಎಲ್ಲವನ್ನೂ ಮರೆವಿನ ಲೆಕ್ಕಕ್ಕೆ ಹಾಕಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡು ಊಟ ಬಿಟ್ಟಿದ್ದರೆ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ಅಸಂಬದ್ಧ ಮಾತು ಬರುತ್ತವೆ. ಗ್ಲುಕೋಮೀಟರ್‌ನಲ್ಲಿ ಕೂಡಲೇ ನೋಡಿ. ಕಡಿಮೆಯಿದ್ದು, ನುಂಗುವಷ್ಟು ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಸಕ್ಕರೆ ಸರಿಯಿದ್ದರೆ ಮೂತ್ರದ ಸೋಂಕು ಕಾರಣವಿರಬಹುದು, ಪರೀಕ್ಷೆ ಮಾಡಿಸಿ.
— ನಿವೃತ್ತ ಶುಶ್ರೂಷಕಿ, ಶಿವಮೊಗ್ಗ

ಮೇಡಂ, ನಿಮ್ಮ ಅಷ್ಟುದ್ದದ ಪತ್ರದಲ್ಲಿ, ಪತಿಯ ಅಣ್ಣ ಬೆಂಗಳೂರಿನಲ್ಲಿದ್ದಾರೆ, ನಾದಿನಿ ತುಮಕೂರಿನಲ್ಲಿದ್ದಾರೆ ಎಂಬುದಕ್ಕೆ ಒಂದೇ ಒಂದು ವಾಕ್ಯ ಸಿಕ್ಕಿದೆ. ನನ್ನ ದೃಷ್ಟಿಯಲ್ಲಿ ಸಮಸ್ಯೆಯ ಅರ್ಧ ಭಾಗ ಅಲ್ಲಿದೆ. ದೂರದಲ್ಲಿರುವವರು 'ಏನಾದರೂ ಬೇಕಿದ್ದರೆ ಹೇಳಿ' ಎನ್ನುತ್ತಾರೆ, ಹತ್ತಿರದಲ್ಲಿರುವವರು 'ಪರವಾಗಿಲ್ಲ, ನಡೆಯುತ್ತಿದೆ' ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ನಮ್ಮ ಮನೆಯಲ್ಲಿ ತಂದೆಗೆ ಪಾರ್ಶ್ವವಾಯು, ತಾಯಿಗೆ ಕ್ಯಾನ್ಸರ್ ಒಟ್ಟಿಗೆ ಬಂದಾಗ, ಸಹಾಯ ಎಂಬ ಪದವನ್ನು ಬಿಟ್ಟು ಕೆಲಸದ ಹೆಸರು ಹೇಳಿ ಕೇಳಿದೆವು. ಔಷಧಿಯ ಖರ್ಚು ಒಬ್ಬರದು, ವೈದ್ಯರ ಸಮಯ ಗೊತ್ತುಮಾಡುವುದು ಮತ್ತು ವರದಿಗಳನ್ನು ಜೋಡಿಸಿಡುವುದು ಇನ್ನೊಬ್ಬರದು, ಎರಡನೆಯ ಶನಿವಾರ ಬಂದು ರಾತ್ರಿ ತಂಗುವುದು ಮೂರನೆಯವರದು. ಬಾಯಿಮಾತಿನ ಭರವಸೆಗಳಿಗಿಂತ ಕ್ಯಾಲೆಂಡರಿನಲ್ಲಿ ಬರೆದ ಹೆಸರು ಹೆಚ್ಚು ದಿನ ಬಾಳಿತು. ಈ ಮಾತನ್ನು ಸೊಸೆಯಾದ ನೀವು ಎತ್ತುವುದಕ್ಕಿಂತ ನಿಮ್ಮ ಪತಿ ಎತ್ತುವುದು ಮೇಲು. ಸ್ಟೆಂಟ್ ಹಾಕಿಸಿಕೊಂಡವರಿಗೆ ಅಣ್ಣನಿಗೆ ಫೋನ್ ಮಾಡಲು ವೈದ್ಯರ ಅಡ್ಡಿಯೇನೂ ಇರಲಾರದು. ಹೆತ್ತವರನ್ನು ನೋಡಿಕೊಳ್ಳುವುದು ಮಕ್ಕಳ ಹೊಣೆಯೆಂದು 2007ರ ಹಿರಿಯ ನಾಗರಿಕರ ಕಾಯ್ದೆಯೇ ಹೇಳುತ್ತದೆ. ಕಾನೂನಿಗೆ ಹೋಗಿ ಎನ್ನುತ್ತಿಲ್ಲ, ನೀವು ಕೇಳುತ್ತಿರುವುದು ಉಪಕಾರವಲ್ಲ ಎನ್ನುತ್ತಿದ್ದೇನೆ.

ಹಣದ ಬಗ್ಗೆ ಒಂದು ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಸಿಗುತ್ತದೆ. ಈ ಮೊತ್ತ ಒಬ್ಬೊಬ್ಬರಿಗಲ್ಲ, ಇಡೀ ಕುಟುಂಬಕ್ಕೆ ಎಂಬುದು ನಿಮ್ಮಂಥ ಮನೆಯವರು ಗಮನಿಸಬೇಕಾದ ಸಂಗತಿ. ಹೃದಯದ ಚಿಕಿತ್ಸೆಗೆ ಎಷ್ಟು ಬಳಕೆಯಾಗಿ ಎಷ್ಟು ಉಳಿದಿದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಮಾಹಿತಿ ಕೊಡುವ ಸಿಬ್ಬಂದಿಯಾದ ಆರೋಗ್ಯ ಮಿತ್ರರನ್ನು ಕೇಳಿ ತಿಳಿದುಕೊಳ್ಳಿ.
— ಓದುಗ, ಬೆಂಗಳೂರು

ಮರೆವಿನ ಕಾಯಿಲೆಯಿದ್ದ ತಾಯಿಯನ್ನು ನೋಡಿಕೊಂಡ ಮಗಳು ನಾನು. ಅತ್ತೆಯವರು ರಾತ್ರಿ ಎದ್ದು 'ನಮ್ಮನಿಗೆ ಹೋಗೂಣು' ಎನ್ನುವಂಥ ಮಾತನಾಡಿದರೆ, 'ಇದೇ ನಿಮ್ಮ ಮನೆ' ಎಂದು ವಾದಿಸಬೇಡಿ. 'ಬೆಳಗಾಗಲಿ, ಹೋಗೋಣ' ಎಂದು ಕೈ ಹಿಡಿದು ಕೂರಿಸಿದರೆ ಬೇಗ ಶಾಂತರಾಗುತ್ತಾರೆ. ಹಗಲು ನಿದ್ದೆ ಕಡಿಮೆ ಮಾಡಿಸಿ, ಸಂಜೆ ಕತ್ತಲಾಗುವ ಮೊದಲೇ ದೀಪ ಹಾಕಿ, ಹೊರಬಾಗಿಲಿನ ಚಿಲಕವನ್ನು ಅವರ ಕಣ್ಣಿಗೆ ಬೀಳದ ಎತ್ತರಕ್ಕೆ ಬದಲಾಯಿಸಿ, ಫೋನ್ ನಂಬರ್ ಬರೆದ ಬಳೆಯನ್ನೋ ಚೀಟಿಯನ್ನೋ ಅವರ ಮೈಮೇಲೆ ಇರಿಸಿ. ಕೆಲವು ದಿನಗಳ ಮಟ್ಟಿಗೆ ಆರೈಕೆ ಕೇಂದ್ರದಲ್ಲಿ ಬಿಡುವ ಅವಕಾಶ ಸಿಕ್ಕರೆ, ಜನ ಏನೆಂದಾರು ಎಂದು ಹಿಂಜರಿಯಬೇಡಿ. ಆ ಜನ ರಾತ್ರಿ ಎರಡು ಗಂಟೆಗೆ ನಿಮ್ಮ ಮನೆಗೆ ಬರುವವರಲ್ಲ. ನಿಮ್ಮ ಮನಸ್ಸು ತೀರ ಕುಸಿದಾಗ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ಗೆ, ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡುತ್ತಾರೆ.
— ಓದುಗಿ, ಧಾರವಾಡ

ನಿಮ್ಮ ಮಾವನವರ ಹಾಗೆ ನಾನೂ ಡಯಾಲಿಸಿಸ್ ಮೇಲೆ ಬದುಕುತ್ತಿರುವವನು. ಮೇಲಿನವರೆಲ್ಲ ಆರೈಕೆ ಮಾಡುವವರ ಕಡೆಯಿಂದ ಬರೆದಿರಬಹುದೆಂದು ರೋಗಿಯ ಕಡೆಯಿಂದ ಬರೆಯುತ್ತಿದ್ದೇನೆ. ಸೊಸೆಯ ಮುಖ ದಿನದಿಂದ ದಿನಕ್ಕೆ ಬಾಡುವುದು ಅವರಿಗೆ ಕಾಣದೆ ಇರುವುದಿಲ್ಲ. 'ನೀವು ಸುಮ್ಮನೆ ಮಲಗಿರಿ' ಎಂದಷ್ಟೂ ತಾನು ಹೊರೆ ಎಂಬ ಭಾವನೆ ಬಲಿಯುತ್ತದೆ. ಅವರಿಗೂ ಕೆಲಸ ಕೊಡಿ. ದಿನಕ್ಕಿಷ್ಟೇ ನೀರು ಎಂದು ವೈದ್ಯರು ಹೇಳಿದ ಅಳತೆಯನ್ನು ಬೆಳಿಗ್ಗೆಯೇ ಬಾಟಲಿಗೆ ತುಂಬಿಕೊಂಡು, ಬಾಯಾರಿದಾಗ ಒಂದೊಂದು ಗುಟುಕು ಕುಡಿಯುವುದು, ಪ್ರತಿದಿನದ ತೂಕ ಬರೆದಿಡುವುದು ಅವರದೇ ಜವಾಬ್ದಾರಿಯಾಗಲಿ. ಇದಕ್ಕೆ ನೀವು ಕಾವಲು ನಿಲ್ಲಬೇಕಾಗಿಲ್ಲ. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಹೆಂಡತಿಯ ಪಕ್ಕ ಕುಳಿತು ಅವರು ಊಟ ಮಾಡಿದರೇ, ಮಾತ್ರೆ ನುಂಗಿದರೇ ಎಂದು ಗುರುತು ಹಾಕುವುದು ಅವರಿಂದ ಖಂಡಿತ ಆಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರ ಔಷಧಿ ಮುಗಿಯುವ ಮೊದಲೇ ಪಟ್ಟಿ ಮಾಡುವುದು, ಕರೆಂಟು ಬಿಲ್ಲು ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು ನನ್ನ ಪಾಲಿನ ಕೆಲಸ. ಡಯಾಲಿಸಿಸ್‌ನ ದಿನ ಮಾತ್ರ ನನಗೆ ರಜೆ.
— ಓದುಗ, ಪುತ್ತೂರು