ಭಾವನ ಜೊತೆ ಹವಾಮಾನದ ಜಗಳ: ಓದುಗರ ಸ್ಪಂದನ

ಕಳೆದ ಸಲ ಪ್ರಕಟವಾದ ಪತ್ರ: ‘ನಮ್ಮ ಭಾವ ಇಂಜಿನಿಯರು, ತುಂಬ ಓದಿಕೊಂಡವರು. ಭೂಮಿ ಬಿಸಿಯಾಗುತ್ತಿದೆ ಅನ್ನುವುದನ್ನು ಒಪ್ಪುತ್ತಾರೆ. ಅದಕ್ಕೆ ಮನುಷ್ಯರೇ ಕಾರಣ ಅಂದರೆ ಮಾತ್ರ ಕೆರಳುತ್ತಾರೆ. “ವಿಜ್ಞಾನಿಗಳೇ ಅನಿಶ್ಚಿತತೆ ಇದೆ ಅಂತ ಬರೆದಿದ್ದಾರೆ. ಅವರಿಗಿಲ್ಲದ ಧೈರ್ಯ ನಿನಗೆಲ್ಲಿಂದ ಬಂತು?” ಅನ್ನುತ್ತಾರೆ. ನನಗೆ ಉತ್ತರ ಹೊಳೆಯುವುದಿಲ್ಲ, ಸಿಟ್ಟು ಬರುತ್ತದೆ. ಈಗೀಗ ನಾವಿಬ್ಬರೂ ಎದುರಾದರೆ ಅಕ್ಕ ಟಿವಿ ವಾರ್ತೆಯನ್ನೇ ಆರಿಸಿಬಿಡುತ್ತಾಳೆ. ವಾದ ಬಿಟ್ಟುಬಿಡಲೇ?’

ನಿವೃತ್ತ ಭೌತಶಾಸ್ತ್ರ ಅಧ್ಯಾಪಕಿ

ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ವಿಜ್ಞಾನಿಗಳು ಅನಿಶ್ಚಿತತೆಯ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ಯಾವುದರ ಅನಿಶ್ಚಿತತೆ ಅಂತ ಅವರನ್ನೇ ಕೇಳಿ ನೋಡಿ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ? ದೊಡ್ಡ ಚರ್ಚೆ ಇರುವುದು ಇಲ್ಲಿ. 1979ರಲ್ಲಿ ಅಮೆರಿಕದ ಜೂಲ್ ಚಾರ್ನಿ ನೇತೃತ್ವದ ಸಮಿತಿ 1.5ರಿಂದ 4.5 ಡಿಗ್ರಿ ಸೆಲ್ಸಿಯಸ್ ಅಂತ ಅಂದಾಜು ಮಾಡಿತು. ಅಷ್ಟೊಂದು ಉಪಗ್ರಹ, ಕಂಪ್ಯೂಟರ್ ಬಂದ ಮೇಲೂ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ‘ಹೆಚ್ಚಾಗಿ 2.5ರಿಂದ 4ರ ಒಳಗೆ’ ಅನ್ನುವಷ್ಟಕ್ಕೆ ಬಂದು ನಿಂತಿತು. ಕಾಟ ಕೊಡುತ್ತಿರುವುದು ಮುಖ್ಯವಾಗಿ ಮೋಡ. ಕೆಳಗಿನ ದಟ್ಟ ಮೋಡ ಬಿಸಿಲನ್ನು ವಾಪಸ್ ಕಳಿಸಿ ತಂಪು ಮಾಡುತ್ತದೆ. ಎತ್ತರದ ತೆಳು ಮೋಡ ನೆಲದಿಂದ ಏಳುವ ಶಾಖವನ್ನು ಹಿಡಿದಿಡುತ್ತದೆ. ಬಿಸಿ ಏರಿದಂತೆ ಯಾವುದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ ಬಹಳ ಕಷ್ಟ. ಕಲ್ಲಿದ್ದಲು ಸುಟ್ಟಾಗ ಹುಟ್ಟುವ ಸಲ್ಫೇಟ್ ಕಣಗಳದ್ದೂ ಇದೇ ಕತೆ. ಅವು ತಂಪು ಮಾಡುತ್ತವೆ. ಎಷ್ಟು ತಂಪು ಅನ್ನುವುದು ಇನ್ನೂ ಸರಿಯಾಗಿ ಕೈಗೆ ಸಿಕ್ಕಿಲ್ಲ.

ಆದರೆ ಆ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಸೊನ್ನೆ ಎಲ್ಲೂ ಇಲ್ಲ, ಅಲ್ವಾ? ಅನಿಶ್ಚಿತತೆ ಅಂದರೆ ‘ಏನೂ ಆಗದಿರಬಹುದು’ ಅಂತ ಭಾವ ತಿಳಿದುಕೊಂಡ ಹಾಗಿದೆ. ಅಂದುಕೊಂಡದ್ದಕ್ಕಿಂತ ಕೆಟ್ಟದ್ದೂ ಆಗಬಹುದು ಅನ್ನುವುದೂ ಅದರಲ್ಲೇ ಸೇರಿದೆ.

‘ಮನುಷ್ಯ ಕಾರಣವೇ?’ ಅನ್ನುವ ಪ್ರಶ್ನೆಯೇ ಬೇರೆ. 1995ರಲ್ಲಿ ಐಪಿಸಿಸಿ, ಮನುಷ್ಯನ ಪ್ರಭಾವ ಕಾಣಿಸುತ್ತಿದೆ ಅಂತ ಅಳುಕುತ್ತಲೇ ಬರೆಯಿತು. ಇತ್ತೀಚಿನ ದಶಕಗಳ ಬಿಸಿಯಲ್ಲಿ ಹೆಚ್ಚಿನ ಪಾಲು ಮನುಷ್ಯರದ್ದು ಅನ್ನುವುದಕ್ಕೆ 2001ರಲ್ಲಿ ಶೇ 66ಕ್ಕಿಂತ ಹೆಚ್ಚು ಸಂಭವ ಕೊಟ್ಟಿತು. 2007ರಲ್ಲಿ ಅದು ಶೇ 90 ದಾಟಿತು, 2013ರಲ್ಲಿ ಶೇ 95. ಭೂಮಿಯನ್ನು ಬಿಸಿ ಮಾಡಿದ್ದು ಮನುಷ್ಯರು ಅನ್ನುವುದರಲ್ಲಿ ಸಂಶಯವೇ ಇಲ್ಲ ಅಂತ ಬರೆಯಲು 2021 ಬರಬೇಕಾಯಿತು. ಇಷ್ಟು ಅಳೆದು ತೂಗಿ ರಾಜಕಾರಣಿಗಳು ಮಾತಾಡಿದರೆ ಒಬ್ಬರೂ ಚುನಾವಣೆ ಗೆಲ್ಲುವುದಿಲ್ಲ.

ಇನ್ನೊಬ್ಬ ಇಂಜಿನಿಯರ್

ನಮ್ಮಂಥವರ ಜೊತೆ ಸಮಿತಿ, ವರದಿ ಅಂತ ಮಾತಾಡಿದರೆ ಕೆಲಸ ಆಗಲ್ಲ. ಮುಂಚೆಯೇ ಹೇಳಿದ್ದು ನಿಜವಾಯಿತೇ ಅಂತ ತೋರಿಸಿ.

1967ರಲ್ಲಿ ಹವಾಮಾನ ವಿಜ್ಞಾನಿಗಳಾದ ಸ್ಯುಕುರೊ ಮನಾಬೆ ಮತ್ತು ರಿಚರ್ಡ್ ವೆದರಾಲ್ಡ್ ಒಂದು ಲೆಕ್ಕ ಹಾಕಿದರು. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ನೆಲದ ಹತ್ತಿರದ ಗಾಳಿ ಬಿಸಿಯಾಗಬೇಕು, ಅದರ ಮೇಲಿನ ಪದರವಾದ ಸ್ಟ್ರಾಟೋಸ್ಫಿಯರ್ ತಣ್ಣಗಾಗಬೇಕು. ಸೂರ್ಯನೇ ಜಾಸ್ತಿ ಉರಿಯುತ್ತಿದ್ದರೆ ಎರಡೂ ಬಿಸಿಯಾಗಬೇಕಿತ್ತು. ಆಮೇಲೆ ಉಪಗ್ರಹಗಳು ಅಳೆದು ನೋಡಿದವು. ಕೆಳಗೆ ಬಿಸಿ, ಮೇಲೆ ತಂಪು. ಓಝೋನ್ ತೆಳುವಾದದ್ದಕ್ಕೆ ತಂಪಾಯಿತು ಅಂತ ಭಾವ ಆಕ್ಷೇಪ ಎತ್ತಬಹುದು. ಅವರು ಹೇಳುವುದರಲ್ಲೂ ಅರ್ಥ ಇದೆ, ಸ್ಟ್ರಾಟೋಸ್ಫಿಯರಿನ ಕೆಳಭಾಗದಲ್ಲಿ ಓಝೋನಿನ ಪಾಲು ದೊಡ್ಡದು. ಇನ್ನೂ ಮೇಲಕ್ಕೆ ಹೋದರೆ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡಿನದೇ. ಮನಾಬೆ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ಇನ್ನೊಂದು, ನನಗೆ ಬಹಳ ಹಿಡಿಸಿದ್ದು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ನಾಸಾದ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ತಂಡದವರು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕ ಹಾಕಿ, ಅದು ಎಬ್ಬಿಸಿದ ಕಣಗಳು ಬಿಸಿಲು ತಡೆದು ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗಿ, ಕೆಲವೇ ವರ್ಷದಲ್ಲಿ ಮತ್ತೆ ಮೊದಲಿನ ಬಿಸಿಗೆ ಮರಳುತ್ತದೆ ಅಂತ ಮೊದಲೇ ಪ್ರಕಟಿಸಿದರು. ಹಾಗೇ ಆಯಿತು. ಬರೀ ಹಳೆಯ ಅಂಕಿಗಳಿಗೆ ಹೊಂದಿಸಿ ಮಾಡಿದ ಮಾದರಿಯಾಗಿದ್ದರೆ ಹೀಗೆ ಮುಂಚಿತವಾಗಿ ಹೇಳಲು ಆಗುತ್ತಿತ್ತೇ?

ನಿಮ್ಮ ಅಕ್ಕನ ಜಾಗದಲ್ಲಿರುವವಳು

ನಮ್ಮ ಮನೆಯಲ್ಲಿ ಇದೇ ಜಗಳ ನಮ್ಮವರಿಗೂ ನನ್ನ ತಮ್ಮನಿಗೂ. ಇಬ್ಬರಿಗೂ ಇನ್ನೊಬ್ಬರ ಮಾತು ಮುಗಿಯುವ ತನಕ ಕಾಯುವ ತಾಳ್ಮೆ ಇಲ್ಲ. ಎಲ್ಲರ ಮುಂದೆ ಯಾರೂ ಸೋಲು ಒಪ್ಪುವುದಿಲ್ಲ ಕಣಪ್ಪ. ಭಾವನ ಹತ್ತಿರ ಮಾತಾಡಲೇಬೇಕು ಅಂತಿದ್ದರೆ ಇಬ್ಬರೇ ಇದ್ದಾಗ ಮಾತಾಡಿ. ಪಾಪ, ಅಕ್ಕ ವಾರ್ತೆ ನೋಡಲಿ.

ಭಾವನ ಪರವಾಗಿ ಒಬ್ಬರು

ಎಲ್ಲರೂ ಆ ಮನುಷ್ಯನ ಮೇಲೆ ಬೀಳುತ್ತೀರಿ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಮನುಷ್ಯನ ಪಾಲಿದೆ ಅಂತ ನಾನೂ ಒಪ್ಪುತ್ತೇನೆ. ಆದರೆ ಒಂದು ದಿನ ಜೋರು ಮಳೆ ಬಂದರೂ ಹವಾಮಾನ ಬದಲಾವಣೆ, ಬಾರದಿದ್ದರೂ ಹವಾಮಾನ ಬದಲಾವಣೆ ಅಂದರೆ ಯಾರು ನಂಬುತ್ತಾರೆ? ಪತ್ರ ಬರೆದವರೂ ಹಾಗೆ ಮಾತಾಡಿರಬಹುದು ಅಂತ ನನ್ನ ಅನುಮಾನ.

ಇದನ್ನು ಎಚ್ಚರದಿಂದ ಹೇಳುವ ದಾರಿ ಇದೆ. 2003ರಲ್ಲಿ ಯುರೋಪಿನಲ್ಲಿ ಭಯಂಕರ ಬಿಸಿಗಾಳಿ ಬೀಸಿತು. ಮರುವರ್ಷ ಬ್ರಿಟನ್ನಿನ ಹವಾಮಾನ ವಿಜ್ಞಾನಿ ಪೀಟರ್ ಸ್ಟಾಟ್ ಮತ್ತು ಸಂಗಡಿಗರು ಅದನ್ನು ಮನುಷ್ಯರೇ ತಂದರು ಅಂತ ಬರೆಯಲಿಲ್ಲ. ಅಂಥ ಬೇಸಿಗೆ ಬರುವ ಅಪಾಯವನ್ನು ಮನುಷ್ಯರ ಪ್ರಭಾವ ಕನಿಷ್ಠ ಎರಡು ಪಟ್ಟು ಮಾಡಿರುವ ಸಂಭವ ಶೇ 90ಕ್ಕಿಂತ ಹೆಚ್ಚು ಅಂದರು. ಹೀಗೆ ಮಾತಾಡಿದರೆ ನಿಮ್ಮ ಭಾವ ಕೂತು ಕೇಳುತ್ತಾರೆ. ನಾನಂತೂ ಕೇಳುತ್ತೇನೆ.

ರಸಾಯನಶಾಸ್ತ್ರ ವಿದ್ಯಾರ್ಥಿನಿ

ಒಂದು ಸಲಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ‘ಗಾಳಿಯಲ್ಲಿ ಸೇರಿರುವ ಇಂಗಾಲ ಎಲ್ಲಿಂದ ಬಂತು?’ ಅನ್ನುವುದರಿಂದ ಶುರು ಮಾಡಿ. ಇದರಲ್ಲಿ ಅನಿಶ್ಚಿತತೆ ತೀರಾ ಕಡಿಮೆ. ಕೈಗಾರಿಕೆಗಳಿಗೆ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡ್ ಇತ್ತು. ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯಲು ಶುರು ಮಾಡಿದ 1958ರ ಹೊತ್ತಿಗೆ 315ರ ಆಸುಪಾಸು. ಈಗ 420 ದಾಟಿದೆ.

ಕಲ್ಲಿದ್ದಲು, ಪೆಟ್ರೋಲಿಯಂ ಕೋಟಿಗಟ್ಟಲೆ ವರ್ಷ ಹಳೆಯವು. ಕಾರ್ಬನ್-14 ಅಂದರೆ ಕಾಲ ಕಳೆದಂತೆ ತಾನಾಗಿಯೇ ಕ್ಷಯಿಸುವ ಒಂದು ಬಗೆಯ ಇಂಗಾಲ, ಅವುಗಳಲ್ಲಿದ್ದದ್ದು ಎಂದೋ ಕರಗಿಹೋಗಿದೆ. ಅವನ್ನು ಸುಟ್ಟರೆ ಗಾಳಿಯಲ್ಲಿ ಕಾರ್ಬನ್-14ರ ಪಾಲು ಇಳಿಯಬೇಕು. ಹೀಗೆ ಇಳಿದಿರುವುದನ್ನು ರಸಾಯನ ವಿಜ್ಞಾನಿ ಹಾನ್ಸ್ ಸ್ಯೂಸ್ 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ಕಂಡರು. ಸುಡಲು ಆಮ್ಲಜನಕ ಬೇಕು. ಗಾಳಿಯಲ್ಲಿ ಅದೂ ತುಸು ತುಸುವೇ ಇಳಿಯುತ್ತಿದೆ. ಸಮುದ್ರದಿಂದಲೇ ಇಂಗಾಲ ಹೊರಬರುತ್ತಿದ್ದರೆ ಆಮ್ಲಜನಕ ಯಾಕೆ ಹೀಗೆ ಕಡಿಮೆಯಾಗಬೇಕು?

ಇದಾದ ಮೇಲೆ ಭಾವ ಖಂಡಿತ ಜ್ವಾಲಾಮುಖಿಗಳ ಮಾತು ತೆಗೆಯುತ್ತಾರೆ. ಮನುಷ್ಯರು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ ಅವುಗಳದ್ದು ಶೇ 1ನ್ನೂ ಮುಟ್ಟುವುದಿಲ್ಲ. ಈ ಅಂಕಿ ಜೇಬಿನಲ್ಲಿಟ್ಟುಕೊಂಡೇ ಹೋಗಿ.